ಅಳಿಯ ಕಟ್ಟಿದ ಬೆಳಗಿನ ಲಿಫ್ಟು

ನನ್ನ ಅಳಿಯ ಲಿಫ್ಟ್ ರಿಪೇರಿ ಮಾಡುವವನು. ಅವನು ಇರುವುದು ಮಾತ್ರ ಲಿಫ್ಟ್ ಇಲ್ಲದ ಕಟ್ಟಡದ ಕೊನೆಯ ಮಹಡಿಯಲ್ಲಿ. ಇದನ್ನು ಕೇಳಿದವರೆಲ್ಲ ನಗುತ್ತಾರೆ, ಅವನೊಬ್ಬ ನಗುವುದಿಲ್ಲ. ದಿನವಿಡೀ ಲಿಫ್ಟಿನ ಹೊಂಡಕ್ಕೆ ಇಳಿದು ಮೈಗೆಲ್ಲ ಗ್ರೀಸು ಬಳಿದುಕೊಂಡು, ಸಂಜೆ ಚೀಲ ಹೊತ್ತು ಮೆಟ್ಟಿಲು ಹತ್ತುವಾಗ ಅವನ ಮುಖದಲ್ಲಿ ಎಂಥದೋ ನೆಮ್ಮದಿ ಇರುತ್ತದೆ. ಮೆಟ್ಟಿಲು ಕೆಡುವುದಿಲ್ಲವಲ್ಲ ಅತ್ತೆ, ಎಂದು ಒಮ್ಮೆ ಹೇಳಿದ್ದ. ಮದುವೆಯಾದ ಮೊದಲ ವರ್ಷದಲ್ಲಿ ಅವನು ನನ್ನ ಜೊತೆ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ನಾನು ಅದೇ ಕಟ್ಟಡದ ನೆಲಮಹಡಿಯಲ್ಲಿದ್ದೇನೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಿಷನ್. ಹೊಸ ಬಟ್ಟೆ ಹೊಲಿಯುವುದನ್ನು ಬಿಟ್ಟಾಯಿತು. ಈಗ ಏನಿದ್ದರೂ ಕಿತ್ತ ಜಿಪ್ಪು ಹಾಕುವುದು, ಪ್ಯಾಂಟಿನ ಅಂಚು ಮಡಿಸುವುದು, ಮೈಗೆ ಹಿಡಿಯದ್ದನ್ನು ಬಿಚ್ಚಿ ಅಗಲ ಮಾಡುವುದು. ಮಿಷನ್ ಪಕ್ಕದ ಕಿಟಕಿಯಿಂದ ಮೆಟ್ಟಿಲಿನ ಬುಡ ಸರಿಯಾಗಿ ಕಾಣುತ್ತದೆ. ಯಾರು ಹತ್ತಿದರು, ಯಾರು ಇಳಿದರು, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲ ನನಗೆ ಗೊತ್ತು. ಮಂಡಿ ಕೈಕೊಟ್ಟ ಮೇಲೆ ಮಗಳ ಮನೆಗೆ ಹತ್ತುವುದನ್ನು ನಿಲ್ಲಿಸಿದ್ದೇನೆ. ಆದರೂ ಅಲ್ಲಿ ಪಾತ್ರೆ ಬಿದ್ದರೆ ಯಾವ ಪಾತ್ರೆ ಎಂದು ಇಲ್ಲಿಂದಲೇ ಹೇಳಬಲ್ಲೆ. ಎಲ್ಲದರಲ್ಲೂ ಮೂಗು ತೂರಿಸುವ ಹೆಂಗಸು ಎಂದು ಯಾರಾದರೂ ಅಂದರೆ ಅಂದುಕೊಳ್ಳಲಿ. ಮಂಡಿ ಹೋದವಳಿಗೆ ಮೂಗಾದರೂ ಬೇಡವೇ?

ನನ್ನ ಮಗಳು ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಳು. ಟಿಕೆಟ್ ಕೊಡುತ್ತಿದ್ದಳು, ಸ್ಟಾಪು ಕೂಗುತ್ತಿದ್ದಳು, ಕಣ್ಣು ಮಾತ್ರ ಯಾವಾಗಲೂ ಡ್ರೈವರ್ ಸೀಟಿನ ಮೇಲೆ. ರಜೆಯ ದಿನಗಳಲ್ಲಿ ಹೋಗಿ ದೊಡ್ಡ ಗಾಡಿ ಓಡಿಸುವುದನ್ನು ಕಲಿತಳು. ಪರೀಕ್ಷೆಯಲ್ಲಿ ಒಂದು ಸಲ ನಪಾಸಾಗಿ ಬಂದು ಮುಖ ಊದಿಸಿಕೊಂಡು ಕೂತಳು, ಮತ್ತೆ ಹೋದಳು, ಪಾಸಾದಳು. ಕೊನೆಗೊಂದು ದಿನ ಡಿಪೋದವರು ಅವಳನ್ನು ಡ್ರೈವರ್ ಮಾಡಿದರು. ಆದರೆ ಕಾಯಂ ಅಲ್ಲ, ಸ್ವಲ್ಪ ದಿನ ನೋಡೋಣ ಎಂದು. ಹೊಸಬರಿಗೆ ಕೊಡುವುದು ಫಸ್ಟ್ ಟ್ರಿಪ್, ಊರು ಇನ್ನೂ ಕಣ್ಣು ಬಿಡುವ ಮುಂಚೆ ಹೊರಡುವ ಬಸ್ಸು. ಅವಳಿಗೆ ಕೊಟ್ಟ ಡ್ರೈವರ್ ಅಂಗಿ ಗಂಡಸರ ಅಳತೆಯದು, ಭುಜ ಜೋತುಬೀಳುತ್ತಿತ್ತು. ನಾನೇ ಕೂತು ಭುಜ ಹಿಡಿದು ಸರಿಮಾಡಿದೆ. ಹೊಲಿಯುವಾಗ ಅತ್ತುಬಿಟ್ಟೆ. ಅಷ್ಟು ದೊಡ್ಡ ಬಸ್ಸನ್ನು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ತಿರುಗಿಸುತ್ತಾಳೆ ಎಂದರೆ ಯಾರಿಗೆ ಅಳು ಬರುವುದಿಲ್ಲ?

ಅವಳು ಕತ್ತಲಲ್ಲಿ ಮನೆ ಬಿಟ್ಟ ನಂತರ ಮೇಲೆ ಉಳಿಯುವವರು ಇಬ್ಬರು. ಒಬ್ಬ ಅಳಿಯ, ಇನ್ನೊಬ್ಬಳು ಏಳು ವರ್ಷದ ಮೊಮ್ಮಗಳು. ಅವಳನ್ನು ನಾನು ಮೆಲ್ಲಕ್ಕ ಎಂದು ಕರೆಯುತ್ತೇನೆ. ಸೋಮಾರಿ ಅಲ್ಲ, ಪಾಪ. ಕಾಲುಚೀಲ ಹಾಕಿಕೋ ಎಂದರೆ ಅದರೊಳಗೆ ಕೈ ತೂರಿಸಿ, ಅದಕ್ಕೊಂದು ಬಾಯಿ ಮಾಡಿ, ಅದರ ಜೊತೆ ಕಷ್ಟಸುಖ ಮಾತಾಡುತ್ತಾಳೆ. ಮುಖ ತೊಳೆದುಕೋ ಎಂದರೆ ಸೋಪಿನ ನೊರೆಯಲ್ಲಿ ಮನೆ ಕಟ್ಟುತ್ತಾಳೆ. ಮೊದಲು ಮಗಳಿಗೆ ಹಗಲು ಡ್ಯೂಟಿ ಇದ್ದಾಗ ಅವಳೇ ಬೆನ್ನು ಹತ್ತಿ ಹೊರಡಿಸುತ್ತಿದ್ದಳು. ಈಗ ಆ ಭಾರ ಮಾತೇ ಆಡದ ನನ್ನ ಅಳಿಯನ ತಲೆ ಮೇಲೆ ಬಿತ್ತು.

ಮೊದಲ ವಾರ ಒಂದು ದಿನ ಮೆಟ್ಟಿಲಿಳಿದು ಬಂದ ಮೆರವಣಿಗೆಯನ್ನು ನಾನು ಮರೆಯುವ ಹಾಗಿಲ್ಲ. ಮುಂದೆ ಅಳಿಯ, ಒಂದು ಕೈಯಲ್ಲಿ ಸ್ಕೂಲ್ ಬ್ಯಾಗು, ಇನ್ನೊಂದರಲ್ಲಿ ಅರ್ಧ ತಿಂದ ಬ್ರೆಡ್ಡು. ಹಿಂದೆ ಮೆಲ್ಲಕ್ಕ, ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ನೆತ್ತಿಯ ಮೇಲೆ, ಸಮವಸ್ತ್ರದ ಕೆಳಗೆ ಇಣುಕುವ ರಾತ್ರಿ ಅಂಗಿ. ಅವರು ಮುಟ್ಟುವಷ್ಟರಲ್ಲಿ ಸ್ಕೂಲಿನ ಗೇಟು ಹಾಕಿಬಿಟ್ಟಿದ್ದರು. ಲೇಟಾದ ಮಕ್ಕಳನ್ನು ಒಳಗೆ ಬಿಡುವುದಿಲ್ಲ ಎಂದು ವಾಪಸ್ ಕಳಿಸಿದರು, ಡಿಪೋಗೂ ಫೋನು ಮಾಡಿದರು. ಮಗಳ ಫೋನು ಡ್ಯೂಟಿಯ ಹೊತ್ತಿನಲ್ಲಿ ಡಿಪೋದ ಲಾಕರಿನಲ್ಲಿರುತ್ತದೆ. ಟ್ರಿಪ್ ಮುಗಿಸಿ ಬಂದಾಗ ವಿಷಯ ತಿಳಿದು, ಅಂಗಿಯೂ ಬದಲಿಸದೆ ಓಡಿ ಬಂದಳು. ಸಂಜೆಯವರೆಗೂ ಮಗುವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಅಷ್ಟು ಸಾಲದು ಎಂಬಂತೆ ಡಿಪೋ ಮ್ಯಾನೇಜರು ಅವಳಿಗೆ ಬೇರೆಯೇ ಕ್ಲಾಸು ತೆಗೆದುಕೊಂಡಿದ್ದರು. ಓಡಿ ಬರುವವರನ್ನು ಕಂಡರೆ ಇವಳಿಗೆ ಕರುಳು ಚುರ್ ಎನ್ನುತ್ತದೆ, ಬಸ್ಸು ನಿಲ್ಲಿಸಿಕೊಂಡು ಕಾಯುತ್ತಾಳೆ. ಪ್ರತಿ ಸ್ಟಾಪಿನಲ್ಲೂ ಹಾಗೆ ಕಾದರೆ ಕೊನೆಯ ಸ್ಟಾಪಿನವರು ಎಷ್ಟು ಹೊತ್ತಿಗೆ ಕೆಲಸಕ್ಕೆ ಹೋಗಬೇಕು ಎಂದು ಅವರು ಕೇಳಿದ್ದರು. ಅದೂ ಸರಿಯೇ. ತಿಂಗಳು ಮುಗಿಯುವುದರೊಳಗೆ ಫಸ್ಟ್ ಟ್ರಿಪ್ ಆಗುತ್ತದೋ ಇಲ್ಲವೋ ಹೇಳಿ, ಸೀಟಿಗೆ ಬೇರೆಯವರು ಕಾಯುತ್ತಿದ್ದಾರೆ ಎಂದಿದ್ದರು.

"ನಮ್ಮ ಮಗೂನ ಗೇಟಿನ ಹೊರಗೆ ನಿಲ್ಲಿಸಿ, ನಾನು ಊರೋರ್ನೆಲ್ಲ ಟೈಮಿಗೆ ಮುಟ್ಟಿಸಿದ್ರೆ ಏನು ಬಂತಮ್ಮ?" ಎಂದಳು ಮಗಳು ನನ್ನ ಹತ್ತಿರ. "ಈ ತಿಂಗಳು ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಸ್ಟೇರಿಂಗ್ ವಾಪಸ್ ಕೊಟ್ಟು ಟಿಕೆಟ್ ಮಿಷನ್ ಹಿಡ್ಕೋತೀನಿ."

ಅಷ್ಟು ವರ್ಷ ಹಂಬಲಿಸಿದ್ದು ಒಂದು ಜೊತೆ ಕಾಲುಚೀಲದಿಂದ ಕೈತಪ್ಪುವುದೇ? ಮಗುವನ್ನು ನನ್ನ ಮನೆಯಲ್ಲೇ ಮಲಗಿಸಿ, ಬೆಳಿಗ್ಗೆ ನಾನು ಹೊರಡಿಸುತ್ತೇನೆ ಎಂದೆ. ಹೊರಡಿಸಿದೆ ಕೂಡ. ನಾನೇ ಹಲ್ಲುಜ್ಜಿದೆ, ನಾನೇ ಬಟ್ಟೆ ತೊಡಿಸಿದೆ, ನಾನೇ ಬಾಯಿಗೆ ತುರುಕಿದೆ, ಬೀದಿಯವರೆಲ್ಲ ಎದ್ದು ಕೂರುವ ಹಾಗೆ ಬೈದೆ. ಮೆಲ್ಲಕ್ಕ ಅಂಗಡಿಯ ಗೊಂಬೆಯ ಹಾಗೆ ಕೈಕಾಲು ಚಾಚಿಕೊಂಡು ನಿಂತಿರುತ್ತಿದ್ದಳು. ಇದ್ದಬದ್ದ ಅಭ್ಯಾಸವನ್ನೂ ಮರೆತಳು. ಅಳಿಯ ಬಂದು, ಬಹಳ ಮೆತ್ತಗೆ, ಇನ್ನು ಅವಳು ಮೇಲೆಯೇ ಮಲಗಲಿ ಅತ್ತೆ ಎಂದ. ನನಗೆ ಕೋಪ ಬಂತು. ಆದರೆ ಅವನ ಮಾತು ಸರಿ ಇದ್ದಾಗ ಕೋಪ ಮಾಡಿಕೊಂಡು ಏನು ಮಾಡುವುದು, ಎರಡು ದಿನ ಮಾತು ಬಿಟ್ಟೆ. ಮೊದಲೇ ಮಾತಾಡದವನಿಗೆ ಅದು ಗೊತ್ತೇ ಆಗಲಿಲ್ಲ.

ಅವನು ಮೊಬೈಲಿನಲ್ಲಿ ಏನೋ ಕಟ್ಟುತ್ತಿದ್ದಾನೆ ಎಂದು ಆಮೇಲೆ ತಿಳಿಯಿತು. ಲಿಫ್ಟು ಎಂದರೆ ಬರೀ ಹಗ್ಗ, ಚಕ್ರ ಅಲ್ಲವಂತೆ. ಯಾವ ಬಟನ್ ಒತ್ತಿದರೆ ಎಲ್ಲಿ ನಿಲ್ಲಬೇಕು, ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು, ಅದನ್ನೆಲ್ಲ ಒಂದು ಸಣ್ಣ ಕಂಪ್ಯೂಟರಿಗೆ ಬರೆದು ಹೇಳಬೇಕು. ಅದು ಅವನಿಗೆ ಬರುತ್ತಿತ್ತು. ಆ್ಯಪ್ ಮಾಡುವುದನ್ನು ವಿಡಿಯೋ ನೋಡಿ ಕಲಿತ, ಎಲ್ಲಿ ಸಿಕ್ಕಿಕೊಂಡರೂ ಆಫೀಸಿನಲ್ಲಿ ಪ್ಯಾನೆಲ್ ಪ್ರೋಗ್ರಾಂ ಬರೆಯುವ ಹೆಂಗಸನ್ನು ಕೇಳಿದ. ಅಡುಗೆಮನೆಯ ಮೇಜಿನ ಮೇಲೆ ಗಾಜು ಸೀಳುಬಿಟ್ಟ ಹಳೆಯ ಮೊಬೈಲು, ಪಕ್ಕದಲ್ಲಿ ತಣ್ಣಗಾದ ಹಾಲು, ಎದುರಿಗೆ ಬಗ್ಗಿ ಕೂತ ಅವನು. ನಮ್ಮ ಮನೆಯಲ್ಲೊಬ್ಬ ವಿಜ್ಞಾನಿ ಹುಟ್ಟಿದ್ದಾನೆ ಎಂದು ಮಗಳು ರೇಗಿಸಿದರೆ ಅದನ್ನೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮಾಡಿದ್ದೇನು? ಒಂದು ಲಿಫ್ಟು! ಮೊಬೈಲಿನಲ್ಲಿ ಉದ್ದಕ್ಕೆ ಒಂದು ಕಟ್ಟಡ. ಮೇಲಿನ ಮಹಡಿಯಲ್ಲಿ ಹಾಸಿಗೆ, ಅದರ ಕೆಳಗೆ ಹಲ್ಲುಜ್ಜುವ ಮಹಡಿ, ಸ್ನಾನದ್ದು, ಬಟ್ಟೆಯದ್ದು, ತಿಂಡಿಯದ್ದು, ಕಾಲುಚೀಲ ಬೂಟಿನದ್ದು, ನೆಲಮಹಡಿಯಲ್ಲಿ ಸ್ಕೂಲಿನ ಗೇಟು. ಲಿಫ್ಟಿನೊಳಗೆ ಎರಡು ಜಡೆಯ ಒಂದು ಪುಟ್ಟ ಹುಡುಗಿ. ಒಂದು ಕೆಲಸ ಮುಗಿಸಿ ಬಟನ್ ಒತ್ತಿದರೆ ಬಾಗಿಲು ಮುಚ್ಚಿ ಲಿಫ್ಟು ಒಂದು ಮಹಡಿ ಇಳಿಯುತ್ತದೆ, ಟಿಂಗ್ ಎನ್ನುತ್ತದೆ. ಇದಕ್ಕಿಂತ ಸರಳ ಏನಿದೆ ಎಂಬ ಮುಖ ಮಾಡಿಕೊಂಡು ಅವನು ನನಗೆ ತೋರಿಸಿದ. ನನಗೂ ಇಷ್ಟವಾಯಿತು. ಮೆಲ್ಲಕ್ಕನಿಗಂತೂ ಹಿಡಿಸಲಾರದಷ್ಟು ಖುಷಿ. ಮೊದಲ ದಿನ ಅವಳು ಎಷ್ಟು ಬೇಗ ಇಳಿದು ಬಂದಳೆಂದರೆ ನಾನು ಇನ್ನೂ ಬಾಗಿಲು ತೆರೆದಿರಲಿಲ್ಲ.

ಲಿಫ್ಟಿಗೆ ಹತ್ತಿದ ಮಕ್ಕಳು ಏನು ಮಾಡುತ್ತಾರೆ ಎಂಬುದು ಲಿಫ್ಟಿನವನಿಗೆ ಗೊತ್ತಿರಬೇಕಿತ್ತು. ಎಲ್ಲ ಬಟನ್ನುಗಳನ್ನೂ ಒತ್ತುತ್ತಾರೆ. ಮೆಲ್ಲಕ್ಕನೂ ಹಾಸಿಗೆಯಲ್ಲಿ ಮಲಗಿದ್ದ ಹಾಗೆಯೇ ಟಿಂಗ್ ಟಿಂಗ್ ಟಿಂಗ್ ಎಂದು ಎಲ್ಲವನ್ನೂ ಒತ್ತಿ ಕಣ್ಣು ಮಿಟುಕಿಸುವಷ್ಟರಲ್ಲಿ ಸ್ಕೂಲಿನ ಗೇಟು ಮುಟ್ಟಿದಳು. ಮೊಬೈಲು ಚಪ್ಪಾಳೆ ತಟ್ಟಿತು. ಇವಳು ಮತ್ತೆ ಹೊದ್ದುಕೊಂಡಳು. ಅಳಿಯ ಅಡುಗೆಮನೆಯಲ್ಲಿ ಚಪ್ಪಾಳೆ ಕೇಳಿ, ಮಗು ರೆಡಿಯಾಯಿತು ಎಂದುಕೊಂಡು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದನಂತೆ.

ಅವನು ಸೋಲುವವನಲ್ಲ. ಪ್ರತಿ ಮಹಡಿಯಲ್ಲೂ ಬಾಗಿಲು ಇಷ್ಟು ಹೊತ್ತು ತೆರೆದೇ ಇರಬೇಕು ಎಂದು ತಿದ್ದಿದ. ಆಗ ಇವಳು ಹಲ್ಲುಜ್ಜುವುದನ್ನು ಬಿಟ್ಟು, ಬ್ರಷ್ಷು ಬಾಯಲ್ಲಿಟ್ಟುಕೊಂಡು, ಬಾಗಿಲು ಯಾವಾಗ ಮುಚ್ಚುತ್ತದೆ ಎಂದು ನೋಡುತ್ತಾ ನಿಂತಳು. ಇದಕ್ಕೆ ಅವನು ಹುಡುಕಿದ ಮದ್ದು ಕೇಳಿ. ಲಿಫ್ಟಿನಲ್ಲಿ ಜನ ಹೆಚ್ಚಾದರೆ, ಏನಾದರೂ ಸಿಕ್ಕಿಕೊಂಡರೆ ಒಂದು ಅಲಾರಂ ಹೊಡೆದುಕೊಳ್ಳುತ್ತದಲ್ಲ, ಕೆಲಸದ ಜಾಗದಿಂದ ಆ ಸದ್ದನ್ನೇ ರೆಕಾರ್ಡ್ ಮಾಡಿಕೊಂಡು ಬಂದು ಇದರೊಳಗೆ ಹಾಕಿದ. ಒಂದು ಮಹಡಿಯಲ್ಲಿ ಹೆಚ್ಚು ಹೊತ್ತು ನಿಂತರೆ ಅದು ಬಡಿದುಕೊಳ್ಳುತ್ತದೆ, ಬಟನ್ ಒತ್ತುವವರೆಗೂ ಬಿಟ್ಟು ಬಿಟ್ಟು ಬಡಿದುಕೊಳ್ಳುತ್ತದೆ. ದಿನವೂ ಅದನ್ನು ಕೇಳುವ ಅವನ ಕಿವಿಗೆ ಅದು ಗಡಿಯಾರದ ಟಿಕ್‌ಟಿಕ್ ಇದ್ದ ಹಾಗೆ. ಉಳಿದವರೂ ಮನುಷ್ಯರೇ ಎಂಬುದು ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಅದು ಬಡಿದುಕೊಂಡಾಗ ಎಲ್ಲ ಮಹಡಿಯ ಬಾಗಿಲುಗಳೂ ತೆರೆದವು. ಟವೆಲ್ ಸುತ್ತಿಕೊಂಡವರು, ಬಾಯಲ್ಲಿ ನೊರೆ ತುಂಬಿಕೊಂಡವರು, ಎಲ್ಲರೂ ಮೆಟ್ಟಿಲಿಗೆ ಬಂದು ಲಿಫ್ಟಿನಲ್ಲಿ ಯಾರೋ ಸಿಕ್ಕಿಕೊಂಡಿದ್ದಾರೆ ಎಂದು ಕೂಗಾಡಿದರು. ನಮ್ಮಲ್ಲಿ ಲಿಫ್ಟೇ ಇಲ್ಲ ಎಂಬುದು ಒಬ್ಬರ ತಲೆಗೂ ಹೋಗಲಿಲ್ಲ. ಎರಡನೇ ಮಹಡಿಯ ನಿವೃತ್ತ ಗುಮಾಸ್ತರು ಕಟ್ಟಡಕ್ಕೆ ಲಿಫ್ಟ್ ಬೇಕೆಂದು ಅರ್ಜಿ ಬರೆದು ಬರೆದು ಕೂದಲು ಬೆಳ್ಳಗಾದವರು. ಅವರು ಮಾತ್ರ ಹೊಸ ಅಂಗಿ ಹಾಕಿಕೊಂಡು ಹೊರಗೆ ಬಂದು, ಯಾವಾಗ ಹಾಕಿದರು, ನನಗೆ ಒಂದು ಮಾತು ಹೇಳಬಾರದಿತ್ತೇ ಎಂದು ಎಲ್ಲರನ್ನೂ ಕೇಳುತ್ತಿದ್ದರು. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಮೇಲೆ ಮೆಲ್ಲಕ್ಕ ಹೆದರಿ ಅಳುತ್ತಿರುವುದು ಕೇಳಿಸಿದ ಮೇಲೆ ನಗು ನಿಂತಿತು.

ಅದಾದ ಮೇಲೆ ಒಂದು ಬೆಳಿಗ್ಗೆ ಮೊಬೈಲೇ ಕಾಣೆ. ಮಂಚದ ಕೆಳಗೆ, ಕಪಾಟಿನ ಹಿಂದೆ, ಬಟ್ಟೆ ಒಗೆಯುವ ಮಿಷನ್ನಿನೊಳಗೆ, ಎಲ್ಲೆಲ್ಲೂ ಹುಡುಕಿದರು. ಸಿಮ್ ಇಲ್ಲದ ಮೊಬೈಲು, ರಿಂಗ್ ಮಾಡಿ ಹುಡುಕುವ ಹಾಗೂ ಇಲ್ಲ. ಮೆಲ್ಲಕ್ಕ ಗಪ್‌ಚುಪ್. ಹುಡುಕುತ್ತಾ ಹೊತ್ತು ಹೋಗಿ, ಸ್ಕೂಲಿನ ಗೇಟು ಮತ್ತೆ ಹಾಕಿಬಿಟ್ಟರು. ಅಳಿಯ ಮಗುವನ್ನು ನನ್ನ ಹತ್ತಿರ ಬಿಟ್ಟು, ಚೀಲ ಎತ್ತಿಕೊಂಡು ಕೆಲಸಕ್ಕೆ ಓಡಿದ.

ಒಂದು ದೊಡ್ಡ ಆಫೀಸು ಕಟ್ಟಡದಲ್ಲಿ ಅವನು ಲಿಫ್ಟಿನ ಮೇಲೆ ನಿಂತು ಕೆಲಸ ಮಾಡುತ್ತಿದ್ದಾಗ ಅಲಾರಂ ಬಡಿದುಕೊಂಡಿತು. ಗಾಬರಿಯಾಗಿ ಎಲ್ಲ ನಿಲ್ಲಿಸಿದ. ಕೋಟು ಹಾಕಿದವರೆಲ್ಲ ಮೆಟ್ಟಿಲು ಹತ್ತುವ ಹಾಗಾಯಿತು. ತಂತಿ ನೋಡಿದ, ಬಾಗಿಲು ನೋಡಿದ, ಹೊಂಡಕ್ಕೆ ಇಳಿದ, ಎಲ್ಲವೂ ಸರಿ ಇದೆ, ಆದರೂ ಅಲಾರಂ ನಿಲ್ಲದು. ಕೊನೆಗೆ ನೋಡಿದರೆ ಸದ್ದು ಬರುತ್ತಿದ್ದದ್ದು ಅವನದೇ ಚೀಲದಿಂದ. ಸ್ಪಾನರುಗಳ ಅಡಿಯಲ್ಲಿ, ಗ್ರೀಸು ಬಟ್ಟೆಯಲ್ಲಿ ಸುತ್ತಿಟ್ಟ ಮೊಬೈಲು, ಚೀಲ ಅಲುಗಾಡಿ ತಾನಾಗಿಯೇ ಶುರುವಾಗಿ, ಮಗು ಇನ್ನೂ ಹಲ್ಲುಜ್ಜಿಲ್ಲ ಎಂದು ಬಡಿದುಕೊಳ್ಳುತ್ತಿತ್ತು! ಅಪ್ಪ ಮನೆಯಲ್ಲಿ ಆ ಚೀಲ ಬಿಚ್ಚುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆಫೀಸಿನವರಿಂದ ಬೈಸಿಕೊಂಡು ಬಂದ ಅವನು ಇದನ್ನು ನನಗೆ ಹೇಳುತ್ತಾ ಹೇಳುತ್ತಾ ನಕ್ಕುಬಿಟ್ಟ. ಅವನು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಜೊತೆಗೆ ನಗಲಿಲ್ಲ. ಮಧ್ಯಾಹ್ನ ಮಗಳು ಬಂದು ಹೋಗಿದ್ದಳು. ಮತ್ತೆ ಮಗು ಮನೆಯಲ್ಲೇ ಇರುವುದನ್ನು ನೋಡಿದವಳು ಕೂಗಾಡಲಿಲ್ಲ, ಅಳಲಿಲ್ಲ. ಎರಡು ಡ್ರೈವರ್ ಅಂಗಿಗಳಲ್ಲಿ ತೊಳೆದು ಮಡಿಸಿದ ಒಂದನ್ನು ನನ್ನ ಮಿಷನ್ ಮೇಲಿಟ್ಟು, ಭುಜದ ಹೊಲಿಗೆ ಬಿಚ್ಚಿಬಿಡು, ತಿಂಗಳ ಕೊನೆಗೆ ವಾಪಸ್ ಕೊಡಬೇಕಾಗುತ್ತದೆ ಎಂದಳು. ಅದನ್ನು ನಾನು ಅಳಿಯನಿಗೆ ತೋರಿಸಿದೆ. ಅವನ ನಗು ಅಲ್ಲೇ ಆರಿತು.

ಹೊರಗೆ ಮೆಟ್ಟಿಲಿನ ಮೇಲೆ ಮೆಲ್ಲಕ್ಕ ಕಾಲುಚೀಲದ ಜೊತೆ ಮಾತಾಡುತ್ತಾ ಕೂತಿದ್ದಳು. ಅವನು ಹೋಗಿ ಪಕ್ಕದಲ್ಲಿ ಕೂತ. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ಮೊಬೈಲನ್ನು ಅವಳ ತೊಡೆಯ ಮೇಲಿಟ್ಟು, ಈ ಲಿಫ್ಟು ಯಾಕೆ ಬೇಡ ಎಂದು ಕೇಳಿದ, ಕೆಟ್ಟ ಯಂತ್ರವನ್ನು ಏನಾಗಿದೆ ಎಂದು ಕೇಳುವ ಹಾಗೆ. ಅವಳು ಕಾಲುಚೀಲದ ಬಾಯಿಯಿಂದಲೇ ಹೇಳಿಸಿದಳು.

"ಬೇಗ ಕೆಳಗೆ ಹೋದ್ರೆ ಸ್ಕೂಲು ಬರುತ್ತೆ. ಲೇಟಾದ್ರೆ ಅಮ್ಮ ಬರುತ್ತೆ."

ಕಿಟಕಿಯ ಈಚೆ ನನ್ನ ಕೈಯಲ್ಲಿದ್ದ ಕತ್ತರಿ ಹಾಗೆಯೇ ನಿಂತಿತು. ಅಷ್ಟು ಸರಳ. ಮೊದಲ ಸಲ ಗೇಟು ಹಾಕಿದ ದಿನ ಅಮ್ಮ ಓಡಿ ಬಂದಿದ್ದಳು, ಸಂಜೆಯವರೆಗೂ ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಏಳು ವರ್ಷದ ಯಾವ ಮಗು ಇದನ್ನು ಕಲಿಯುವುದಿಲ್ಲ? ನಾವು ದೊಡ್ಡವರು ಅವಳಿಗೆ ಹಲ್ಲುಜ್ಜಲು ಕಲಿಸಬೇಕೆಂದು ತಲೆ ಕೆಡಿಸಿಕೊಂಡಿದ್ದೆವು.

ಅಳಿಯ ಒಳಗೆ ಬಂದು, "ಲಿಫ್ಟೇನೋ ಸರಿಯಾಗಿದೆ ಅತ್ತೆ. ಅದು ಹೋಗೋ ಜಾಗ ಅವಳಿಗೆ ಬೇಡ, ಅಷ್ಟೆ" ಎಂದ. ಅಂಗಿ ಇನ್ನೂ ಬಿಚ್ಚಬೇಡಿ ಎಂದೂ ಹೇಳಿ ಹೋದ. ಬಿಚ್ಚುವವರು ಯಾರು? ಅದನ್ನು ನಾನು ಆಗಲೇ ಬಟ್ಟೆಯ ರಾಶಿಯ ತಳಕ್ಕೆ ತಳ್ಳಿದ್ದೆ.

ಮರುದಿನ ರಜೆ ಹಾಕಿ, ಮಗುವನ್ನು ನನ್ನ ಹತ್ತಿರ ಬಿಟ್ಟು, ಅವನು ಹೆಂಡತಿಯ ಜೊತೆಯಲ್ಲೇ ಹೊರಟ. ಅವಳು ಓಡಿಸಿದ ಫಸ್ಟ್ ಟ್ರಿಪ್ಪಿನಲ್ಲಿ ಟಿಕೆಟ್ ತೆಗೆದುಕೊಂಡು ಕೂತು, ಯಾವ ಹೊತ್ತಿಗೆ ಬಸ್ಸು ಎಲ್ಲಿರುತ್ತದೆ ಎಂದು ನೋಡಿಕೊಂಡು ಬಂದ. ಆ ಬಸ್ಸು ಡಿಪೋದಿಂದ ಹೊರಟು ಊರಿನ ಆ ತುದಿ ಮುಟ್ಟಿ, ವಾಪಸ್ ಬರುವಾಗ ನಮ್ಮ ಬೀದಿಯ ಮೂಲೆಯಲ್ಲಿ ನಿಂತು, ಸ್ಕೂಲಿನ ಮುಂದೆ ಹಾದು ಮಾರ್ಕೆಟ್ಟಿಗೆ ಹೋಗುತ್ತದೆ. ಇದು ನಮಗೆಲ್ಲ ಗೊತ್ತೇ ಇತ್ತು. ಗೊತ್ತಿದ್ದರೂ ಮಗುವನ್ನು ಅದೇ ಬಸ್ಸಿಗೆ ಹತ್ತಿಸಬಹುದು ಎಂದು ಯಾರ ತಲೆಗೂ ಬಂದಿರಲಿಲ್ಲ.

ಕಟ್ಟಡವನ್ನು ಅಳಿಸಿ ಹಾಕಿದ. ಈಗ ಮೊಬೈಲಿನಲ್ಲಿ ಒಂದು ರಸ್ತೆ, ರಸ್ತೆಯ ಮೇಲೆ ಅಮ್ಮನ ಬಸ್ಸು. ಅದು ತನ್ನ ಪಾಡಿಗೆ ತಾನು ಬರುತ್ತಿರುತ್ತದೆ. ಆಸ್ಪತ್ರೆ ಸ್ಟಾಪಿಗೆ ಬಂದಾಗ ಹಲ್ಲು, ರೈಲು ನಿಲ್ದಾಣಕ್ಕೆ ಬಂದಾಗ ಸ್ನಾನ, ಪೋಸ್ಟಾಫೀಸಿಗೆ ತಿಂಡಿ, ನೀರಿನ ಟ್ಯಾಂಕಿಗೆ ಬಂತೆಂದರೆ ಬೂಟು. ಸ್ಟಾಪು ಕೂಗುವ ದನಿ ಮಗಳದು. ನನ್ನ ಮುಂದಿನ ಕೋಣೆಯಲ್ಲೇ ಅದನ್ನು ರೆಕಾರ್ಡ್ ಮಾಡಿದ್ದು. ಮೊದಮೊದಲು ನಾಚಿಕೊಂಡಳು. ಆಮೇಲೆ ಕಂಡಕ್ಟರ್ ಆಗಿದ್ದ ಗಂಟಲು ತಾನಾಗಿ ತೆರೆದುಕೊಂಡು, "ಆಸ್ಪತ್ರೆ, ಆಸ್ಪತ್ರೆ, ಹಲ್ಲುಜ್ಜೋರು ಬೇಗ ಬನ್ನಿ" ಎಂದು ಕೂಗಿದ ರಭಸಕ್ಕೆ ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಬಟನ್ ಮಾತ್ರ ಒಂದೂ ಇಲ್ಲ. ಒತ್ತುವುದಕ್ಕೆ, ನಿಲ್ಲಿಸುವುದಕ್ಕೆ, ಮೋಸ ಮಾಡುವುದಕ್ಕೆ ಏನೂ ಇಲ್ಲ. ಈಗ ಬೀದಿಯ ಬೇರೆ ತಾಯಂದಿರೂ ಅವನ ಹತ್ತಿರ ಇಂಥದ್ದನ್ನು ಮಾಡಿಸಿಕೊಳ್ಳುತ್ತಾರೆ. ಒಬ್ಬಳ ಮನೆಯಲ್ಲಿ ಹಾಲಿನ ವ್ಯಾನು ಬರುತ್ತದೆ, ಇನ್ನೊಬ್ಬಳ ಮನೆಯಲ್ಲಿ ಊರಿಂದ ಅಜ್ಜನ ರೈಲು. ಬಟನ್ ಹಾಕಿಕೊಡಿ ಎಂದು ಎಷ್ಟು ಗೋಗರೆದರೂ ಅವನು ಹಾಕಿಕೊಡುವುದಿಲ್ಲ.

ಆ ಮೊದಲ ಬಸ್ಸು ಮೊಬೈಲಿನಲ್ಲಿ ಸಿದ್ಧವಾದ ಮೇಲೆ ಮಗಳು ಹೆದರಿದಳು. ಸ್ಟಾಪಿನಲ್ಲಿ ಮಗು ಕಾಣದಿದ್ದರೆ ತಾನು ಬಸ್ಸು ನಿಲ್ಲಿಸಿಕೊಂಡು ಕಾಯುತ್ತೇನೆ, ತನ್ನ ಬುದ್ಧಿ ತನಗೆ ಗೊತ್ತು, ಹಾಗೆ ಕಾದರೆ ಮ್ಯಾನೇಜರು ಸುಮ್ಮನಿರುವುದಿಲ್ಲ ಎಂದಳು.

"ಕಾಯ್ಬೇಡ" ಎಂದ ಅಳಿಯ.

"ಓಡಿ ಬರ್ತಿದ್ರೂ?"

"ಓಡಿ ಬರ್ತಿದ್ರೂ. ಒಂದಿನ ಕಾದ್ರೆ, ಆ ಮೊಬೈಲಲ್ಲಿರೋದು ನಿನ್ನ ಬಸ್ಸಲ್ಲ ಅಂತ ಅವಳಿಗೆ ಗೊತ್ತಾಗುತ್ತೆ."

ನಿನ್ನದು ಎದೆಯೋ, ಕಬ್ಬಿಣದ ಡಬ್ಬವೋ ಎಂದು ನಾನು ಅವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಅವನು ಕೇಳಿಸಿಕೊಂಡು, ಮಗು ತಪ್ಪಿಸಿಕೊಂಡರೂ ಸ್ಕೂಟರಿನಲ್ಲಿ ಬಿಟ್ಟರೆ ಗೇಟು ಹಾಕುವ ಮುಂಚೆಯೇ ಮುಟ್ಟುತ್ತಾಳೆ ಅತ್ತೆ, ಎಂದಷ್ಟೇ ಹೇಳಿದ.

ಮೊದಲ ದಿನ ಬೆಳಿಗ್ಗೆ ನಾನು ನಮ್ಮ ಕಟ್ಟಡದ ಗೇಟಿನಲ್ಲಿ ನಿಂತಿದ್ದೆ. ಅಲ್ಲಿಂದ ಮೂಲೆಯ ಸ್ಟಾಪು ಕಾಣುತ್ತದೆ. ಮೇಲಿನಿಂದ ಮಗಳ ದನಿ ಒಂದೊಂದೇ ಸ್ಟಾಪು ಕೂಗುತ್ತಾ ಬಂತು. ನೀರಿನ ಟ್ಯಾಂಕು ಎಂದದ್ದೇ ತಡ ಮೆಲ್ಲಕ್ಕ ಬೂಟು ಹಾಕಿಕೊಂಡು ಇಳಿದೇಬಿಟ್ಟಳು. ಜಡೆ ಎರಡೂ ಇರಬೇಕಾದ ಜಾಗದಲ್ಲೇ ಇದ್ದವು. ನನ್ನ ಬಾಗಿಲಿನ ಮುಂದೆ ಒಂದು ಬೆಕ್ಕು ಕಾಲು ಚಾಚಿಕೊಂಡು ಮೈ ನೆಕ್ಕಿಕೊಳ್ಳುತ್ತಿತ್ತು. ಹಾಳಾದ ಬೆಕ್ಕು. ಇವಳು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಅಳಿಯ ತುಟಿ ಬಿಚ್ಚಲಿಲ್ಲ. ನಾನು ಬಾಯಿ ತೆರೆದರೆ ನನ್ನ ಕಡೆ ತಿರುಗಿ ಬೇಡ ಎಂದು ತಲೆಯಾಡಿಸಿದ. ಬೀದಿಯ ಮೂಲೆಯಲ್ಲಿ ಬಸ್ಸಿನ ಸದ್ದಾಯಿತು. ಅವಳು ತಲೆ ಎತ್ತಿದಳು, ಬ್ಯಾಗು ಹಿಡಿದುಕೊಂಡು ಓಡಿದಳು. ನಮ್ಮ ಮೆಲ್ಲಕ್ಕ ಓಡುತ್ತಾಳೆ ಎಂಬುದೇ ನನಗೆ ಗೊತ್ತಿರಲಿಲ್ಲ. ಇನ್ನೇನು ಮುಟ್ಟಿದಳು ಎನ್ನುವಾಗ ಬಸ್ಸಿನ ಬಾಗಿಲು ಮುಚ್ಚಿತು, ಬಸ್ಸು ಹೊರಟಿತು.

ಅಳುತ್ತಾಳೆ ಎಂದು ಕಾದೆ. ಅಳಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತಿದ್ದಳು. ಆಮೇಲೆ ಅಪ್ಪನ ಸ್ಕೂಟರ್ ಹತ್ತಿ ಹೋದಳು.

ಅತ್ತವಳು ನನ್ನ ಮಗಳು. ಡ್ಯೂಟಿ ಮುಗಿಸಿ ಬಂದು ನನ್ನ ಬಟ್ಟೆಯ ರಾಶಿಯ ಮೇಲೆ ಕುಸಿದು ಕೂತಳು.

"ಕನ್ನಡೀಲಿ ನೋಡ್ದೆ ಅಮ್ಮ. ಜಡೆ ಹಾರಿಸ್ಕೊಂಡು ಓಡಿ ಬರ್ತಿತ್ತು ಮಗು. ನಾನೇ ಬಾಗ್ಲು ಹಾಕ್ದೆ" ಎಂದಳು. ಇಂಥ ಕೆಲಸ ನನಗೆ ಬೇಡವೇ ಬೇಡ, ನಾಳೆಯೇ ಮ್ಯಾನೇಜರಿಗೆ ಹೇಳಿಬಿಡುತ್ತೇನೆ, ಇನ್ನು ಮಗು ನನ್ನ ಮುಖ ನೋಡುತ್ತದೋ ಇಲ್ಲವೋ ಎಂದೆಲ್ಲ ಬಿಕ್ಕಿದಳು. ನಾನು ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡು, ಮನಸ್ಸಿನಲ್ಲೇ ಅಳಿಯನಿಗೆ ಇನ್ನೊಂದಿಷ್ಟು ಬೈದೆ.

ಸಂಜೆ ಮೆಲ್ಲಕ್ಕ ಬಂದವಳು ನೇರ ಅಮ್ಮನ ಮುಂದೆ ಹೋಗಿ ನಿಂತಳು. ಅವಳು ದೂರು ಹೇಳಲಿಲ್ಲ. ಕ್ಲಾಸಿನಲ್ಲಿ ಎಲ್ಲರಿಗೂ ತನ್ನ ಅಮ್ಮನ ಬಸ್ಸಿನ ಕಥೆ ಹೇಳಿದ್ದಳಂತೆ, ಯಾರೂ ನಂಬಲಿಲ್ಲವಂತೆ. "ನಮ್ಮಮ್ಮ ಯಾರಿಗೂ ಕಾಯಲ್ಲ, ನಂಗೂ ಕಾಯಲ್ಲ ಅಂದೆ. ಟೀಚರಿಗೂ ಕಾಯಲ್ವಾ ಅಂತ ಕೇಳಿದ್ರು. ಟೀಚರಿಗೂ ಕಾಯಲ್ಲ ಅಂದೆ. ಅಲ್ವಾ ಅಮ್ಮ?"

ಹೆಮ್ಮೆಯಿಂದ ಅವಳ ಮುಖ ಅಗಲವಾಗಿತ್ತು. ಮಗಳು ಹೂಂ ಎಂದಳು. ಆಮೇಲೆ ಮೆಲ್ಲಕ್ಕ ಅಪ್ಪನ ಹತ್ತಿರ ಹೋಗಿ, ನಾಳೆ ಬಸ್ಸು ಸ್ವಲ್ಪ ನಿಧಾನ ಬರುವ ಹಾಗೆ ಮೊಬೈಲಿನಲ್ಲಿ ತಿದ್ದು ಎಂದು ಪೂಸಿ ಹೊಡೆದಳು. ಬಸ್ಸು ಓಡಿಸುವುದು ಅಮ್ಮ, ನಾನಲ್ಲ ಎಂದ ಅವನು. ಅವಳು ಯೋಚಿಸಿ, ಹಾಗಾದರೆ ಬೆಕ್ಕನ್ನು ಸಂಜೆ ಮಾತಾಡಿಸುತ್ತೇನೆ ಎಂದಳು.

ನನಗೆ ಇವರ ಮೇಲೆ ನಂಬಿಕೆ ಇರಲಿಲ್ಲ. ಇನ್ನೊಂದು ಸಲ ಆ ಮಗುವಿನ ಮುಖಕ್ಕೆ ಬಾಗಿಲು ಮುಚ್ಚುವುದನ್ನು ನೋಡುವ ಶಕ್ತಿಯೂ ಇರಲಿಲ್ಲ. ನಾನೇ ಒಂದು ಉಪಾಯ ಹೂಡಿದೆ. ಬೆಳಿಗ್ಗೆ ಮೊದಲೇ ಕುಂಟುತ್ತಾ ಮೂಲೆಯ ಸ್ಟಾಪಿಗೆ ಹೋಗಿ ನಿಲ್ಲುವುದು. ಬಸ್ಸು ಬಂದರೆ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟುಕೊಂಡು, ಅಯ್ಯೋ ಮಂಡಿ ಎನ್ನುತ್ತಾ ಮೆಲ್ಲಗೆ ಹತ್ತುವುದು. ಮಂಡಿ ನೋವಿನ ಮುದುಕಿಯನ್ನು ಬಿಟ್ಟು ಯಾವ ಡ್ರೈವರೂ ಹೊರಡುವ ಹಾಗಿಲ್ಲ. ಅಷ್ಟರಲ್ಲಿ ಮಗು ಬಂದು ಸೇರಿಕೊಳ್ಳುತ್ತದೆ. ಇದಕ್ಕೆ ಆ್ಯಪೂ ಬೇಡ, ಏನೂ ಬೇಡ.

ಮೂಲೆ ಅಷ್ಟು ದೂರ ಇದೆ ಎಂದು ನನಗೆ ಮರೆತೇಹೋಗಿತ್ತು. ಗೋಡೆ ಹಿಡಿದು, ಕಂಬ ಹಿಡಿದು, ಅಲ್ಲಲ್ಲಿ ನಿಂತು ನಾನು ಹೋಗುತ್ತಿದ್ದಾಗ ಹಿಂದಿನಿಂದ ಬೂಟಿನ ಸದ್ದಾಯಿತು. ಮೆಲ್ಲಕ್ಕ, ಹಿಂದೆ ಅಳಿಯ. ಬೆಕ್ಕಿನ ಕಡೆ ತಿರುಗಿಯೂ ನೋಡದೆ ಬಂದಿದ್ದಳಂತೆ. ಮಂಡಿ ಇವತ್ತು ಚೆನ್ನಾಗಿರೋ ಹಾಗಿದೆ ಅತ್ತೆ, ಎಂದು ನನ್ನನ್ನೇ ರೇಗಿಸಿ ಅವನು ನನ್ನ ತೋಳು ಹಿಡಿದುಕೊಂಡ. ನನ್ನ ಉಪಾಯವೆಲ್ಲ ಅವನಿಗೆ ಗೊತ್ತಾಗಿಹೋಗಿತ್ತು. ಅಷ್ಟರಲ್ಲಿ ಬಸ್ಸು ಬಂತು. ಮೆಲ್ಲಕ್ಕ ಓಡಿಹೋಗಿ ಎಲ್ಲರಿಗಿಂತ ಮೊದಲು ಹತ್ತಿದಳು. ಉಳಿದವರೂ ಹತ್ತಿದರು. ನಾನು ಮಾತ್ರ ಇನ್ನೂ ಕೆಳಗಿದ್ದೆ, ಈ ಸಲ ನಿಜವಾಗಿಯೂ ಮಂಡಿ ಏಳುತ್ತಿರಲಿಲ್ಲ. ಮೆಲ್ಲಕ್ಕ ಬಾಗಿಲಿನಿಂದ ಬಗ್ಗಿ ಕೈ ಚಾಚಿದಳು.

"ಅಜ್ಜಿ, ಬೇಗ ಹತ್ತು. ಅಮ್ಮ ಕಾಯಲ್ಲ."

ಬಸ್ಸಿಗೆ ಬಸ್ಸೇ ನಕ್ಕಿತು. ಅಳಿಯ ಹಿಂದಿನಿಂದ ನೂಕಿದ, ಅವಳು ಮುಂದಿನಿಂದ ಎಳೆದಳು. ನನ್ನ ಎರಡನೆಯ ಕಾಲು ಒಳಗೆ ಬಂದು, ಹಿಂದೆ ಅವನೂ ಹತ್ತಿದನೋ ಇಲ್ಲವೋ ಬಸ್ಸು ಹೊರಟೇಬಿಟ್ಟಿತು. ಡ್ರೈವರ್ ಸೀಟಿನಲ್ಲಿದ್ದ ಮಗಳು ತಿರುಗಿಯೂ ನೋಡಲಿಲ್ಲ. ಕನ್ನಡಿಯಲ್ಲಿ ಮಾತ್ರ ಅವಳ ಕಣ್ಣು ಒಂದು ಸಲ ನಮ್ಮ ಮೇಲೆ ಹಾದು, ಮತ್ತೆ ರಸ್ತೆಗೆ ಹೋಯಿತು.

ಮೆಲ್ಲಕ್ಕ ಅವಳ ಹಿಂದಿನ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಅಮ್ಮ ಗೇರು ಬದಲಿಸುವುದನ್ನೇ ನೋಡುತ್ತಿದ್ದಳು. ಸ್ಕೂಲು ಬಂದಾಗ ಯಾರೂ ಹೇಳದೆಯೇ ಎದ್ದು, ಅಮ್ಮನ ಭುಜ ಒಮ್ಮೆ ಮುಟ್ಟಿ, ಅಪ್ಪನ ಕೈ ಹಿಡಿದು ಇಳಿದಳು. ಹಿಂದೆ ಇಳಿಯುವವರಿದ್ದಾರೆ ಎಂದು ಪಕ್ಕಕ್ಕೂ ಸರಿದಳು. ಗೇಟಿನೊಳಗೆ ಹೋಗುವಾಗ ತಿರುಗಿ ನೋಡಲಿಲ್ಲ.

ಮಾರ್ಕೆಟ್ಟಿನಲ್ಲಿ ಬಸ್ಸು ಖಾಲಿಯಾಯಿತು. ಮಗಳು ಇಂಜಿನ್ ಆಫ್ ಮಾಡಿ, ಎರಡೂ ಕೈಯಿಂದ ಮುಖ ಒರೆಸಿಕೊಂಡು, ಮೊದಲ ಸಲ ನನ್ನ ಕಡೆ ತಿರುಗಿದಳು.

"ಮ್ಯಾನೇಜರಿಗೆ ಇವತ್ತೇ ಹೇಳ್ತೀನಮ್ಮ. ಫಸ್ಟ್ ಟ್ರಿಪ್ ನಂದೇ" ಎಂದಳು. ನಾನು ಕಣ್ಣೊರೆಸಿಕೊಳ್ಳುತ್ತಿರುವಾಗಲೇ ಗಡಿಯಾರ ನೋಡಿದಳು. "ನೀನಿಲ್ಲಿ ಇಳೀತೀಯೋ, ವಾಪಸ್ ಬರ್ತೀಯೋ? ವಾಪಸ್ ಬರೋದಾದ್ರೆ ಇನ್ನೊಂದು ಟಿಕೆಟ್ ತಗೋ."

ನಾನು ತೆಗೆದುಕೊಂಡೆ.